ಹೈ-ರಿಸ್ಕ್ ಆಂಜಿಯೋಪ್ಲಾಸ್ಟಿ: ಬಲೂನ್ ಪಂಪ್, ಇಂಪೆಲ್ಲಾ, ಎಕ್ಮೋ – ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಪೇಷೆಂಟ್‌ಗಳಿಗೆ ಯಾವುದು, ಯಾವಾಗ?

ಮೂಡಿಗೆರೆ ಫಿಜಿಶಿಯನ್:
ಎಲ್ಲರಿಗೂ ನಮಸ್ಕಾರ. 2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದ ಮೇಲೆ ತಪಾಸಣೆಗೆ ಬರುವವರು ಹೆಚ್ಚಾದರು, ಆಂಜಿಯೋಗ್ರಾಂಗಳೂ ಹೆಚ್ಚಾದವು. ಅದರಲ್ಲಿ ಕೆಲವರ ರಿಪೋರ್ಟ್ ಕೊನೆಗೆ "ಸಪೋರ್ಟ್ ಇಟ್ಟುಕೊಂಡು ಆಂಜಿಯೋಪ್ಲಾಸ್ಟಿ" ಎಂದು ಬರೆದಿರುತ್ತದೆ, ಅಂದರೆ ಬ್ಲಾಕ್ ಬಿಡಿಸುವಾಗ ಹೃದಯಕ್ಕೆ ನೆರವಾಗುವ ಯಂತ್ರ ಇಟ್ಟುಕೊಂಡು. ಮನೆಯವರು ಆ ಕಾಗದ ಹಿಡಿದು ತಾಲ್ಲೂಕಿಗೇ ವಾಪಸ್ ಬಂದು ಕೇಳುತ್ತಾರೆ: ಹಾಸನದಲ್ಲೇ ಆಗುತ್ತಾ, ಬೆಂಗಳೂರಿಗೇ ಹೋಗಬೇಕಾ? ಒಂದು ಮಾದರಿ ಇಟ್ಟುಕೊಂಡು ಮಾತಾಡೋಣ. ವಯಸ್ಸು 68, ಸಕ್ಕರೆ ಕಾಯಿಲೆ, ಬೀಡಿ ಅಭ್ಯಾಸ. ಲೆಫ್ಟ್ ಮೇನ್ (ಹೃದಯಕ್ಕೆ ರಕ್ತ ಕೊಡುವ ಎಡಗಡೆಯ ಮುಖ್ಯ ನಾಳ) ಕೊನೆಯಲ್ಲಿ ಸುಣ್ಣ ಕಟ್ಟಿದ ಬ್ಲಾಕ್, ಬಲಗಡೆಯ ನಾಳ ಆರ್‌ಸಿಎ ಪೂರ್ತಿ ಮುಚ್ಚಿದೆ. ಇಎಫ್ (ಪ್ರತಿ ಬಡಿತಕ್ಕೆ ಎಡ ಕುಹರ ಹೊರತಳ್ಳುವ ರಕ್ತದ ಪಾಲು) ಶೇ. 25, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 1.8. ಬೈಪಾಸ್‌ಗೆ ಸರ್ಜನ್ ಒಪ್ಪಿಲ್ಲ. ಇಂಥವರಿಗೆ ಯಾವ ಸಪೋರ್ಟ್, ಯಾಕೆ? ಕಳಿಸುವ ಮೊದಲು ನಮ್ಮ ಕಡೆಯಿಂದ ಏನೇನು ಆಗಿರಬೇಕು?

ಹೇಮಾವತಿ ತೀರ (ಕಾರ್ಡಿಯಾಲಜಿ):
ಸರ್, ಒಳ್ಳೆಯ ಮಾದರಿ. ಇಲ್ಲಿ ಅಪಾಯ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡಿ. ಕೊರೊನರಿಗೆ (ಹೃದಯದ ಸ್ವಂತ ರಕ್ತನಾಳಗಳಿಗೆ) ರಕ್ತ ನುಗ್ಗಿಸುವ ಒತ್ತಡ ಎಂದರೆ ಮಹಾಪಧಮನಿಯ ಡಯಾಸ್ಟೊಲಿಕ್ ಒತ್ತಡದಿಂದ ಎಡ ಕುಹರ ತುಂಬಿ ಮುಗಿದಾಗಿನ, ಅಂದರೆ ಎಂಡ್-ಡಯಾಸ್ಟೊಲಿಕ್ ಒತ್ತಡ (ಎಲ್‌ವಿಇಡಿಪಿ) ಕಳೆದಷ್ಟು. ಡಯಾಸ್ಟೊಲಿಕ್ 60, ಎಲ್‌ವಿಇಡಿಪಿ 28 ಇದ್ದರೆ ಉಳಿಯುವುದು 32 ಮಾತ್ರ. ಇವರ ಆರ್‌ಸಿಎ ಮುಚ್ಚಿದೆ, ಅದರ ಭಾಗಕ್ಕೂ ಎಡಗಡೆಯಿಂದಲೇ ಕೊಲ್ಯಾಟರಲ್ (ಬಳಸುದಾರಿಯ ಸಣ್ಣ ನಾಳ) ಹೋಗುತ್ತಿರುತ್ತದೆ. ಅಂದರೆ ಇಡೀ ಹೃದಯ ನಿಂತಿರುವುದು ಲೆಫ್ಟ್ ಮೇನ್ ಒಂದರ ಮೇಲೆ. ಅಲ್ಲಿ ಬಲೂನ್ ಉಬ್ಬಿಸಿದ 20 ಸೆಕೆಂಡಿನಲ್ಲಿ ಸ್ನಾಯು ಸೋಲುತ್ತದೆ, ಬಿಪಿ ಇಳಿಯುತ್ತದೆ, ಎಲ್‌ವಿಇಡಿಪಿ ಏರುತ್ತದೆ, 32 ಇದ್ದದ್ದು 15 ಆಗುತ್ತದೆ. ಆಮೇಲೆ ಬಲೂನ್ ಇಳಿಸಿದರೂ ಬಿಪಿ ತಾನಾಗಿ ಮೇಲೆ ಬರುವುದಿಲ್ಲ. ಸುಣ್ಣಕ್ಕೆ ರೋಟಾಬ್ಲೇಷನ್ (ತಿರುಗುವ ಬರ್‌ನಿಂದ ಉಜ್ಜುವುದು) ಮಾಡಿದಾಗ ಚೂರುಗಳು ಕೆಳಗೆ ಹೋಗಿ ರಕ್ತದ ಹರಿವು ನಿಧಾನವಾದರೂ (ಸ್ಲೋ-ಫ್ಲೋ) ಇದೇ ಕಥೆ.

ಹಾಗಾಗಿ ಸಪೋರ್ಟ್ ಬೇಕೋ ಬೇಡವೋ ಎನ್ನುವುದು ಕೊರೊನರಿಗೆ ವೈರ್ ದಾಟಿಸುವ ಮೊದಲು ತೀರ್ಮಾನ ಆಗಿರಬೇಕು. ಬಿಪಿ 50ಕ್ಕೆ ಬಿದ್ದ ಮೇಲೆ ತೊಡೆಸಂದಿನಲ್ಲಿ ನಾಡಿ ಹುಡುಕಿಕೊಂಡು ಚುಚ್ಚುವುದು ಬೇರೆಯೇ ಕೆಲಸ, ಅದರ ಫಲಿತಾಂಶವೂ ಬೇರೆಯೇ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ಈ ಆಂಜಿಯೋಪ್ಲಾಸ್ಟಿ ಬೇಕೇ? 2022ರ ರಿವೈವ್ಡ್ ಟ್ರಯಲ್‌ನಲ್ಲಿ ಇಎಫ್ ಶೇ. 35 ಅಥವಾ ಅದಕ್ಕಿಂತ ಕಡಿಮೆ ಇದ್ದ, ಸ್ಥಿರವಾಗಿದ್ದ 700 ಜನರನ್ನು ನೋಡಿದರು. ಮಾತ್ರೆಗಳ ಜೊತೆ ಆಂಜಿಯೋಪ್ಲಾಸ್ಟಿ ಸೇರಿಸಿದ್ದರಿಂದ ಸಾವು ಅಥವಾ ಹಾರ್ಟ್ ಫೇಲ್ಯೂರ್ ದಾಖಲಾತಿ ಕಡಿಮೆ ಆಗಲಿಲ್ಲ (ಶೇ. 37.2, ಬರೀ ಮಾತ್ರೆಯಲ್ಲಿ ಶೇ. 38). ನಿಮ್ಮ ಪೇಷೆಂಟ್‌ಗೆ ಮಾತ್ರೆಗೆ ಬಗ್ಗದ ಎದೆನೋವು ಇದೆಯಾ, ಟ್ರೊಪೊನಿನ್ (ಹೃದಯ ಸ್ನಾಯುವಿನ ಗಾಯ ತೋರಿಸುವ ರಕ್ತಪರೀಕ್ಷೆ) ಏರಿದೆಯಾ, ಅಥವಾ ಬರೀ ದಮ್ಮಾ? ದಮ್ಮು ಮಾತ್ರ ಎಂದಾದರೆ ಮೊದಲು ನಾಲ್ಕು ಗುಂಪಿನ ಹಾರ್ಟ್ ಫೇಲ್ಯೂರ್ ಔಷಧಿಗಳನ್ನೂ ಸರಿಯಾದ ಡೋಸ್‌ಗೆ ತನ್ನಿ. ಇಂಥ ಎಷ್ಟೋ ರಿಪೋರ್ಟ್‌ಗಳಲ್ಲಿ ಆ ಹೆಜ್ಜೆಯೇ ಬಿಟ್ಟುಹೋಗಿರುತ್ತದೆ.

ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್, ಹಾಸನ:
ಜಿಲ್ಲೆಯ ಮಟ್ಟದಲ್ಲಿ ಕೈಗೆ ಸಿಗುವುದು ಐಎಬಿಪಿ, ಅಂದರೆ ಬಲೂನ್ ಪಂಪ್: ತೊಡೆಸಂದಿನಿಂದ ಮಹಾಪಧಮನಿಗೆ ಏರಿಸಿ, ಹೃದಯದ ಬಡಿತಕ್ಕೆ ತಕ್ಕಂತೆ ಹೀಲಿಯಂನಿಂದ ಉಬ್ಬಿಸಿ ಇಳಿಸುವ ಬಲೂನ್. ಅದರ ವಿಷಯ ಬಿಡಿಸಿ ಬರೆಯುತ್ತೇನೆ. ಇದರಲ್ಲಿ ಆಗುವ ತೊಂದರೆಗಳಲ್ಲಿ ಹೆಚ್ಚಿನವು ಅಳತೆ, ಜಾಗ, ಟೈಮಿಂಗ್ ಈ ಮೂರರಲ್ಲೇ.

ಅಳತೆ ಎತ್ತರದ ಮೇಲೆ, ತೂಕದ ಮೇಲಲ್ಲ. 152 ಸೆಂ.ಮೀ.ಗಿಂತ ಕುಳ್ಳಗಿದ್ದರೆ 25 ಮಿ.ಲೀ., 152–162ಕ್ಕೆ 34, 162–183ಕ್ಕೆ 40, ಅದಕ್ಕೂ ಎತ್ತರಕ್ಕೆ 50. ನಮ್ಮ ಕಡೆಯ ವಯಸ್ಸಾದ ಹೆಂಗಸರಿಗೆ ಬಹಳ ಸಲ 34 ಸಾಕು. ಸ್ಟಾಕ್‌ನಲ್ಲಿ 40 ಮಾತ್ರ ಇದೆ ಎಂದು ಅದನ್ನೇ ಹಾಕಿದರೆ ಕೆಳತುದಿ ಕಿಡ್ನಿಯ ರಕ್ತನಾಳದ ಬಾಯಿಗೆ ಅಡ್ಡ ಬರುತ್ತದೆ, ಮೂತ್ರ ಇಳಿಯುತ್ತದೆ.

ಪ್ಯಾಕೆಟ್ ತೆರೆದ ಮೇಲೆ ಒನ್-ವೇ ವಾಲ್ವ್‌ಗೆ 60 ಮಿ.ಲೀ. ಸಿರಿಂಜ್ ಹಾಕಿ ಗಾಳಿ ಪೂರ್ತಿ ಎಳೆದುಬಿಡಬೇಕು. ಬಲೂನ್ ಒಳಗೆ ಹೋಗುವವರೆಗೂ ಆ ವಾಲ್ವ್ ಬಿಚ್ಚಬಾರದು. ಬಿಚ್ಚಿದರೆ ಮಡಿಕೆ ಸಡಿಲವಾಗಿ ಶೀತ್‌ನಲ್ಲಿ (ನಾಳಕ್ಕೆ ಹಾಕುವ ಕೊಳವೆ) ತೂರುವುದಿಲ್ಲ. ಒಳ ಲ್ಯೂಮೆನ್ (ನಡುವಿನ ಪೊಳ್ಳು ದಾರಿ) ಹೆಪಾರಿನ್ ಸಲೈನ್‌ನಿಂದ ಫ್ಲಶ್. ಶೀತ್ 7.5 ಅಥವಾ 8 ಫ್ರೆಂಚ್ (ದಪ್ಪದ ಅಳತೆ). ವೈರ್ ಮೇಲೆ, ಸ್ಕ್ರೀನಿಂಗ್ ನೋಡುತ್ತಲೇ ಏರಿಸಿ. ತುದಿಯ ಮಾರ್ಕರ್ ಎಡ ಸಬ್‌ಕ್ಲೇವಿಯನ್ (ಎಡಗೈಗೆ ಹೋಗುವ ನಾಳ) ಕವಲಿನಿಂದ 2 ಸೆಂ.ಮೀ. ಕೆಳಗೆ ನಿಲ್ಲಬೇಕು. ಎಕ್ಸ್‌ರೇಯಲ್ಲಿ 2ನೇ ಮತ್ತು 3ನೇ ಪಕ್ಕೆಲುಬಿನ ಸಂದು. ವೈರ್ ತೆಗೆದು, ರಕ್ತ ಎಳೆದು, ಫ್ಲಶ್ ಮಾಡಿ, ಟ್ರಾನ್ಸ್‌ಡ್ಯೂಸರ್ ಜೀರೊ ಮಾಡಿದ ಮೇಲೆ ಹೀಲಿಯಂ ಟ್ಯೂಬ್ ಜೋಡಿಸಿ.

ಶುರು ಮಾಡುವುದು 1:2ರಲ್ಲಿ, ಅಂದರೆ ಎರಡು ಬಡಿತಕ್ಕೊಮ್ಮೆ ಪಂಪ್. 1:1ರಲ್ಲಿ ಟೈಮಿಂಗ್ ತಪ್ಪಿದ್ದರೂ ಗೊತ್ತಾಗುವುದಿಲ್ಲ, 1:2ರಲ್ಲಿ ಪಂಪ್ ಇದ್ದ ಬೀಟ್, ಇಲ್ಲದ ಬೀಟ್ ಪಕ್ಕಪಕ್ಕ ಕಾಣುತ್ತವೆ. ನೋಡಬೇಕಾದ್ದು ಇಷ್ಟು. ಉಬ್ಬುವುದು ಸರಿಯಾಗಿ ಡೈಕ್ರೋಟಿಕ್ ನಾಚ್‌ನಲ್ಲಿ (ಅಯೋರ್ಟಿಕ್ ವಾಲ್ವ್ ಮುಚ್ಚಿದ ಗುರುತು), ಅಲ್ಲಿ ಚೂಪಾದ 'ವಿ' ಆಕಾರ ಬರಬೇಕು. ಪಂಪ್ ಕೊಟ್ಟ ಡಯಾಸ್ಟೊಲಿಕ್ ಶಿಖರ, ಪಂಪ್ ಇಲ್ಲದ ಸಿಸ್ಟೊಲಿಕ್‌ಗಿಂತ ಮೇಲಿರಬೇಕು. ಪಂಪ್ ಇಳಿದ ಜಾಗದ ಎಂಡ್-ಡಯಾಸ್ಟೊಲಿಕ್, ಪಂಪ್ ಇಲ್ಲದ್ದಕ್ಕಿಂತ ಕೆಳಗಿರಬೇಕು. ಅದರ ಮುಂದಿನ ಸಿಸ್ಟೊಲಿಕ್ ಕೂಡ ತುಸು ಕಡಿಮೆ ಇರಬೇಕು, ಹೃದಯಕ್ಕೆ ಭಾರ ಇಳಿದಿದೆ ಎನ್ನುವುದಕ್ಕೆ ಗುರುತು ಅದೇ.

ನಾಲ್ಕು ತಪ್ಪುಗಳಲ್ಲಿ ಎರಡು ಅಪಾಯಕಾರಿ. ಬೇಗ ಉಬ್ಬಿದರೆ ಅಯೋರ್ಟಿಕ್ ವಾಲ್ವ್ ಇನ್ನೂ ತೆರೆದಿರುವಾಗಲೇ ಎದುರಿನಿಂದ ತಳ್ಳಿದಂತಾಗುತ್ತದೆ. ತಡವಾಗಿ ಇಳಿದರೆ ಉಬ್ಬಿದ ಬಲೂನಿನ ವಿರುದ್ಧ ಹೃದಯ ಒತ್ತಬೇಕಾಗುತ್ತದೆ. ಇವೆರಡೂ ಪೇಷೆಂಟ್‌ನ ಸ್ಥಿತಿ ಕೆಡಿಸುತ್ತವೆ. ತಡವಾಗಿ ಉಬ್ಬುವುದು, ಬೇಗ ಇಳಿಯುವುದು ಎಂದರೆ ಲಾಭ ಕಡಿಮೆ, ಅಷ್ಟೇ. ಏಟ್ರಿಯಲ್ ಫಿಬ್ರಿಲೇಷನ್ (ಎಎಫ್, ಲಯ ತಪ್ಪಿದ ಬಡಿತ) ಇದ್ದರೆ ಕನ್ಸೋಲ್‌ನ ಎಎಫ್ ಮೋಡ್ ಹಾಕಿ, ಅದು ಇಸಿಜಿಯಲ್ಲಿ ಆರ್ ವೇವ್ ಕಂಡೊಡನೆ ಬಲೂನ್ ಇಳಿಸುತ್ತದೆ.

ಅಯೋರ್ಟಿಕ್ ವಾಲ್ವ್ ಸೋರಿಕೆ ಮಧ್ಯಮಕ್ಕಿಂತ ಹೆಚ್ಚಿದ್ದರೆ, ಮಹಾಪಧಮನಿಯ ಗೋಡೆ ಸೀಳಿದ್ದರೆ (ಡಿಸೆಕ್ಷನ್) ಇದನ್ನು ಹಾಕಲೇಬಾರದು. ಎಕೋ ನೋಡದೆ ಮುಟ್ಟಬೇಡಿ.

ಕಾಫಿನಾಡು ಇಂಟರ್ವೆನ್ಷನಲ್:
ಟೆಕ್ನಿಷಿಯನ್ ಸರ್ ಬರೆದದ್ದೆಲ್ಲ ಸರಿ. ಆದರೆ ಒಂದು ಮಾತು ಸೇರಿಸಬೇಕು. ಬಲೂನ್ ಪಂಪ್ ಹೃದಯದ ಔಟ್‌ಪುಟ್‌ಗೆ ಸೇರಿಸುವುದು ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್ ಮಾತ್ರ, ಅದೂ ಹೃದಯ ತಾನಾಗಿ ಮಿಡಿಯುತ್ತಿದ್ದರೆ. ವಿಎಫ್ (ಕುಹರ ಬರೀ ನಡುಗುವ ಸ್ಥಿತಿ) ಆದರೆ ಅದರಿಂದ ಏನೂ ಆಗುವುದಿಲ್ಲ. 2012ರ ಐಎಬಿಪಿ-ಶಾಕ್ 2 ಟ್ರಯಲ್‌ನಲ್ಲಿ 600 ಜನ, 30 ದಿನದ ಸಾವು ಪಂಪ್ ಇದ್ದವರಲ್ಲಿ ಶೇ. 39.7, ಇಲ್ಲದವರಲ್ಲಿ ಶೇ. 41.3. ವ್ಯತ್ಯಾಸ ಇಲ್ಲ ಎಂದೇ ಲೆಕ್ಕ. ಹಾಗಿದ್ದ ಮೇಲೆ ಲೆಫ್ಟ್ ಮೇನ್ ಎಂದ ಕೂಡಲೇ ಎಲ್ಲರಿಗೂ ಪಂಪ್ ಯಾಕೆ?

ಹೇಮಾವತಿ ತೀರ (ಕಾರ್ಡಿಯಾಲಜಿ):
ಸರ್, ಅದು ಹೃದಯಾಘಾತದಿಂದ ಶಾಕ್ (ಹೃದಯ ಸೋತು ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಆಗಿ ಬಂದವರ ಟ್ರಯಲ್. ಪ್ಲಾನ್ ಮಾಡಿದ ಹೈ-ರಿಸ್ಕ್ ಕೇಸ್‌ಗೆ ನೋಡಬೇಕಾದ್ದು 2010ರ ಬಿಸಿಐಎಸ್-1. 301 ಜನ, ಎಲ್ಲರ ಇಎಫ್ ಶೇ. 30 ಅಥವಾ ಅದಕ್ಕಿಂತ ಕಡಿಮೆ. ಮೊದಲೇ ಪಂಪ್ ಹಾಕಿದ್ದರಿಂದ ಮುಖ್ಯ ಫಲಿತಾಂಶದಲ್ಲಿ ವ್ಯತ್ಯಾಸ ಬರಲಿಲ್ಲ, ನಿಜ. ಆದರೆ ಪಂಪ್ ಬೇಡ ಎಂದಿದ್ದ ಗುಂಪಿನಲ್ಲಿ ಶೇ. 12 ಜನಕ್ಕೆ ಪ್ರೊಸೀಜರ್ ಮಧ್ಯೆ ತುರ್ತಾಗಿ ಹಾಕಬೇಕಾಯಿತು, ಹೆಚ್ಚಿನವರಿಗೆ ಬಿಪಿ ಬಿದ್ದು. ನಾಲ್ಕು ವರ್ಷ ಮೀರಿದ ಫಾಲೋ-ಅಪ್‌ನಲ್ಲಿ ಪಂಪ್ ಗುಂಪಿನಲ್ಲಿ ಸಾವು ಕಡಿಮೆ ಇತ್ತು. ಅದಕ್ಕೆ ಕಾರಣ ಪಂಪ್ ಎಂದೇ ನಾನು ಹೇಳುವುದಿಲ್ಲ, ಮುಖ್ಯ ಪ್ರಶ್ನೆಯ ಉತ್ತರ ಅದಲ್ಲ. ಆದರೆ ಆ ಶೇ. 12 ಮುಖ್ಯ. ಎಲ್ಲರಿಗೂ ಬೇಡ, ಆದರೆ ಐದು ನಿಮಿಷದಲ್ಲಿ ಹಾಕಲು ತಯಾರಿಲ್ಲದ ಲ್ಯಾಬ್‌ನಲ್ಲಿ ಇಂಥ ಕೇಸ್ ತೆಗೆದುಕೊಳ್ಳಲೂ ಬೇಡ.

ನಡುವಿನ ದಾರಿ ಹೀಗೆ. ಮೊದಲೇ ಅಲ್ಟ್ರಾಸೌಂಡ್‌ನಲ್ಲಿ ಫೆಮೊರಲ್ (ತೊಡೆಯ ಅಪಧಮನಿ) ನೋಡಿ 5 ಅಥವಾ 6 ಫ್ರೆಂಚ್ ಶೀತ್ ಇಟ್ಟಿರಿ, ಕೆಲಸ ಕೈನಾಡಿಯಿಂದ ಮಾಡಿ. ಎಲ್‌ವಿಇಡಿಪಿ, ಬೇಸ್‌ಲೈನ್ ಬಿಪಿ ಅಳೆದು ಬೋರ್ಡ್ ಮೇಲೆ ಬರೆಯಿರಿ. ಎಲ್‌ವಿಇಡಿಪಿ 25ಕ್ಕಿಂತ ಮೇಲಿದ್ದು ಸಿಸ್ಟೊಲಿಕ್ 100ರ ಒಳಗೇ ಇದ್ದರೆ ನಾನಾದರೆ ಕಾಯುವುದಿಲ್ಲ, ಮೊದಲೇ ಸಪೋರ್ಟ್. ಡಯುರೆಟಿಕ್ (ಮೂತ್ರ ಹೆಚ್ಚಿಸುವ ಔಷಧಿ) ಕೊಟ್ಟು ಎರಡು ದಿನ ತಡೆದು ಮಾಡಬಹುದಾದ ಕೇಸ್ ಆಗಿದ್ದರೆ ಅದು ಇನ್ನೂ ಒಳ್ಳೆಯದು.

ಸಿಸಿಯು ಸಿಸ್ಟರ್:
ಲ್ಯಾಬ್‌ನಿಂದ ಹೊರಗೆ ಬಂದ ಮೇಲಿನದನ್ನು ನಾನು ಹೇಳುತ್ತೇನೆ, ಪೇಷೆಂಟ್ ಉಳಿದ ಹೊತ್ತೆಲ್ಲ ನಮ್ಮ ಹತ್ತಿರವೇ ಇರುವುದು.

ಎಡಗೈ ನಾಡಿ ಪ್ರತಿ ಗಂಟೆ ನೋಡಿ. ಅದು ಕ್ಷೀಣಿಸಿದರೆ ಬಲೂನ್ ಮೇಲೆ ಸರಿದು ಸಬ್‌ಕ್ಲೇವಿಯನ್‌ಗೆ ಅಡ್ಡ ಬಂದಿದೆ. ಮೂತ್ರ ದಿಢೀರ್ ಇಳಿದರೆ ಕೆಳಗೆ ಜಾರಿದೆ. ಪಂಪ್ ಹಾಕಿದ ಕಾಲಿನ ಪಾದದ ನಾಡಿಗೆ ಪೆನ್ನಿನಿಂದ ಗುರುತು ಹಾಕಿ, ಕೈಗೆ ಸಿಗದಿದ್ದರೆ ಡಾಪ್ಲರ್ ಇಡಿ. ಕಾಲು ತಣ್ಣಗಾಗಿ ಬಿಳಿಚಿಕೊಂಡು ನೋವು ಎಂದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯುವ ಮಾತೇ ಇಲ್ಲ. ತಲೆ ಕಡೆ 30 ಡಿಗ್ರಿಗಿಂತ ಎತ್ತಬಾರದು, ಆ ಕಾಲು ಮಡಿಸಬಾರದು.

ಹೀಲಿಯಂ ಟ್ಯೂಬ್ ಮೇಲೆ ಸದಾ ಕಣ್ಣಿರಲಿ. ಒಳಗೆ ಕಾಫಿ ಪುಡಿಯಂಥ ಕಂದು ಚೂರು ಅಥವಾ ಕೆಂಪು ಗೆರೆ ಕಂಡರೆ ಬಲೂನ್ ತೂತಾಗಿದೆ ಎಂದೇ ಅರ್ಥ. ಅಲಾರಂ ಇನ್ನೂ ಬಂದಿರದೆಯೂ ಇರಬಹುದು. ತಕ್ಷಣ ಪಂಪ್ ನಿಲ್ಲಿಸಿ, ಟ್ಯೂಬ್ ಕ್ಲಾಂಪ್ ಮಾಡಿ, ಡಾಕ್ಟರನ್ನು ಕರೆಯಿರಿ. ಮರುಚಾಲನೆ ಒತ್ತಲೇಬೇಡಿ. ಒಳಗೆ ಹೋದ ರಕ್ತ ಗಟ್ಟಿಯಾದರೆ ಬಲೂನ್ ಶೀತ್ ಒಳಗಿಂದ ಹೊರಬರದೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಸರ್ಜನ್ ಬೇಕು.

ನಿಂತ ಬಲೂನ್ ಒಳಗೆ 30 ನಿಮಿಷ ಇರಬಾರದು, ಮಡಿಕೆಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕನ್ಸೋಲ್ ಕೆಟ್ಟರೆ ಸಿರಿಂಜ್‌ನಲ್ಲಿ ಬಲೂನಿನ ಅಳತೆ ಮೀರದಷ್ಟು ಗಾಳಿ ತುಂಬಿ ತಕ್ಷಣ ಎಳೆಯಿರಿ, ಐದು ನಿಮಿಷಕ್ಕೊಮ್ಮೆ. ಟ್ಯೂಬ್‌ನಲ್ಲಿ ರಕ್ತ ಇಲ್ಲ ಎಂದು ಮೊದಲು ಖಚಿತ ಮಾಡಿಕೊಂಡು. ಒಳ ಲ್ಯೂಮೆನ್‌ನಿಂದ ರಕ್ತದ ಸ್ಯಾಂಪಲ್ ತೆಗೆಯಬೇಡಿ, ತುದಿ ಮಿದುಳಿಗೆ ಹೋಗುವ ನಾಳಗಳ ಹತ್ತಿರವೇ ಇದೆ, ಒಂದು ಗಾಳಿಗುಳ್ಳೆ ಸಾಕು. ಪ್ಲೇಟ್‌ಲೆಟ್ ದಿನಾ ನೋಡಿ.

ಬೆಂಗಳೂರು ಚಿಪ್ (ಹೈ-ರಿಸ್ಕ್ ಆಂಜಿಯೋಪ್ಲಾಸ್ಟಿ) ಫೆಲೋ:
ಇಂಪೆಲ್ಲಾ ಬಗ್ಗೆ ಕೇಳಿದ್ದರಿಂದ ಬರೆಯುತ್ತೇನೆ, ಹಾಸನದಿಂದ ಕಳಿಸಿದವರಿಗೆ ಹಾಕುವಾಗ ಏನು ನಡೆಯುತ್ತದೆ ಎಂದು ಅಲ್ಲಿನವರಿಗೂ ತಿಳಿದಿರಲಿ. ಇದು ತುದಿಯಲ್ಲಿ ಪುಟ್ಟ ಪಂಪ್ ಇರುವ ಕ್ಯಾಥೆಟರ್. ಅಯೋರ್ಟಿಕ್ ವಾಲ್ವ್ ದಾಟಿ ಎಡ ಕುಹರದಲ್ಲಿ ಕೂತು, ಅಲ್ಲಿಂದ ರಕ್ತ ಎಳೆದು ಮಹಾಪಧಮನಿಗೆ ಬಿಡುತ್ತದೆ. ಸಿಪಿ ಮಾದರಿ ನಿಮಿಷಕ್ಕೆ ಮೂರೂವರೆ ಲೀಟರ್ ಮೇಲೆ ಕೊಡಬಲ್ಲದು, ಹೃದಯದ ಲಯ ಏನೇ ಇರಲಿ. ಎಲ್‌ವಿಇಡಿಪಿಯನ್ನು ನೇರವಾಗಿ ಇಳಿಸುತ್ತದೆ, ಹೇಮಾವತಿ ಮೇಡಂ ಹೇಳಿದ ಕಳೆಯುವ ಲೆಕ್ಕ ಎರಡೂ ಕಡೆಯಿಂದ ಸುಧಾರಿಸುತ್ತದೆ.

ಶೀತ್ 14 ಫ್ರೆಂಚ್, ಅಂದರೆ ಸುಮಾರು 4.7 ಮಿ.ಮೀ. ಫೆಮೊರಲ್ ನಾಳ ಕಡೇಪಕ್ಷ 5–6 ಮಿ.ಮೀ. ಇಲ್ಲದಿದ್ದರೆ ಕಾಲಿಗೆ ರಕ್ತ ಹೋಗುವುದೇ ಇಲ್ಲ. ಚುಚ್ಚಿದ ಕೂಡಲೇ ಕೊನೆಗೆ ತೂತು ಮುಚ್ಚಲು ಎರಡು ಪರ್ಕ್ಲೋಸ್ ಹೊಲಿಗೆ ಮೊದಲೇ ಹಾಕಿಟ್ಟುಕೊಳ್ಳುತ್ತಾರೆ. ಎಸಿಟಿ (ರಕ್ತ ಹೆಪ್ಪುಗಟ್ಟುವ ಸಮಯ) 250 ಸೆಕೆಂಡ್ ದಾಟಿದ ಮೇಲೆ ಪಿಗ್‌ಟೇಲ್‌ನಲ್ಲಿ (ಸುರುಳಿ ತುದಿಯ ಕ್ಯಾಥೆಟರ್) ವಾಲ್ವ್ ದಾಟಿ, 0.018 ಇಂಚಿನ ವೈರ್ ಬದಲಿಸಿ, ಅದರ ಮೇಲೆ ಪಂಪ್. ಇನ್‌ಲೆಟ್ (ರಕ್ತ ಎಳೆಯುವ ಬಾಯಿ) ವಾಲ್ವ್‌ನಿಂದ 3.5 ಸೆಂ.ಮೀ. ಕೆಳಗೆ ಇರಬೇಕು. ಕನ್ಸೋಲ್‌ನಲ್ಲಿ ಪ್ಲೇಸ್‌ಮೆಂಟ್ ಸಿಗ್ನಲ್ ಅಯೋರ್ಟದ ಅಲೆ, ಮೋಟಾರ್ ಕರೆಂಟ್ ಏರಿಳಿತ, ಎರಡೂ ಇದ್ದರೆ ಜಾಗ ಸರಿ. ಮೋಟಾರ್ ಕರೆಂಟ್ ಚಪ್ಪಟೆಯಾಗಿ, ಪ್ಲೇಸ್‌ಮೆಂಟ್ ಅಯೋರ್ಟದಂತೆ ಇದ್ದರೆ ಪಂಪ್ ಪೂರ್ತಿ ಹೊರಬಂದಿದೆ. ಕುಹರದಂತೆ ಇದ್ದರೆ ಪೂರ್ತಿ ಒಳಹೋಗಿದೆ.

ಸಕ್ಷನ್ ಅಲಾರಂ (ಪಂಪ್‌ಗೆ ರಕ್ತ ಸರಿಯಾಗಿ ಎಳೆಯಲು ಆಗುತ್ತಿಲ್ಲ ಎಂಬ ಸೂಚನೆ) ಬಂದರೆ ಪಿ-ಲೆವೆಲ್ (ಪಂಪ್ ವೇಗದ ಹಂತ) ಒಂದೆರಡು ಇಳಿಸಿ, ನಂತರ ಕಾರಣ ಹುಡುಕಿ: ರಕ್ತ ಕಡಿಮೆಯೇ, ಬಲ ಕುಹರ ಸೋತಿದೆಯೇ, ಇನ್‌ಲೆಟ್ ಮೈಟ್ರಲ್ ದಾರಗಳಿಗೆ ತಾಗಿದೆಯೇ. ಅದನ್ನು ಹಾಗೇ ಬಿಟ್ಟರೆ ರಕ್ತಕಣ ಒಡೆದು ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಮೋಟಾರ್ ಒಳಗೆ ರಕ್ತ ನುಗ್ಗದಂತೆ ಶೇ. 5 ಡೆಕ್ಸ್‌ಟ್ರೋಸ್‌ನಲ್ಲಿ ಹೆಪಾರಿನ್ ಸೇರಿಸಿದ ಪರ್ಜ್ ದ್ರವ ನಿರಂತರ ಹೋಗುತ್ತಿರಬೇಕು, ಪರ್ಜ್ ಒತ್ತಡ 300–1100ರ ನಡುವೆ. ಮೆಕ್ಯಾನಿಕಲ್ ಅಯೋರ್ಟಿಕ್ ವಾಲ್ವ್ ಇದ್ದವರಿಗೆ, ಎಡ ಕುಹರದಲ್ಲಿ ಹೆಪ್ಪು ಇದ್ದವರಿಗೆ ಇದು ಬೇಡ. ಇಎಫ್ 25 ಇದ್ದವರ ಎಕೋದಲ್ಲಿ ತುದಿ ಸ್ಪಷ್ಟ ಕಾಣದಿದ್ದರೆ ಕಾಂಟ್ರಾಸ್ಟ್ ಎಕೋ ಮಾಡಿಸಿ.

ಫಲಿತಾಂಶ? 2012ರ ಪ್ರೊಟೆಕ್ಟ್ 2ರಲ್ಲಿ ಇಂಪೆಲ್ಲಾ 2.5 ಮತ್ತು ಬಲೂನ್ ಪಂಪ್ ಹೋಲಿಸಿದರು. 30 ದಿನದಲ್ಲಿ ದೊಡ್ಡ ತೊಂದರೆಗಳು ಇಂಪೆಲ್ಲಾದಲ್ಲಿ ಶೇ. 35.1, ಬಲೂನ್ ಪಂಪ್‌ನಲ್ಲಿ ಶೇ. 40.1. ಅಂಕಿ-ಅಂಶದ ಪ್ರಕಾರ ಗೆಲುವಲ್ಲ. 2024ರ ಡ್ಯಾಂಜರ್-ಶಾಕ್ ಬೇರೆ ಗುಂಪು, ಸ್ಟೆಮಿಯ (ನಾಳ ಪೂರ್ತಿ ಮುಚ್ಚಿ ಆದ ಹೃದಯಾಘಾತ) ಜೊತೆ ಶಾಕ್ ಇದ್ದವರು. ಅಲ್ಲಿ ಇಂಪೆಲ್ಲಾದಿಂದ 180 ದಿನದ ಸಾವು ಶೇ. 58.5ರಿಂದ 45.8ಕ್ಕೆ ಇಳಿಯಿತು, ಜೊತೆಗೆ ರಕ್ತಸ್ರಾವ, ಕಾಲಿನ ತೊಂದರೆ, ಡಯಾಲಿಸಿಸ್ ಎಲ್ಲ ಹೆಚ್ಚಾದವು. ಬೆಲೆ ಹಲವು ಲಕ್ಷ. ಆ ಲೆಕ್ಕವನ್ನು ಮನೆಯವರ ಮುಂದೆ ಮೊದಲೇ ಬಿಚ್ಚಿಡಬೇಕು. ತೋಟ ಅಡ ಇಟ್ಟು ಬಂದ ಮೇಲೆ "ನಾಳ ಚಿಕ್ಕದು, ಆಗಲ್ಲ" ಎನ್ನುವುದು ಅನ್ಯಾಯ.

ಮೂಡಿಗೆರೆ ಫಿಜಿಶಿಯನ್:
ಆ ನಾಳದ ಅಳತೆ ಇಲ್ಲೇ ಆಗಬಹುದಲ್ಲವೇ? ಕ್ರಿಯಾಟಿನಿನ್ 1.8 ಇರುವವರಿಗೆ ಸಿಟಿ ಆಂಜಿಯೋ ಹೇಗೆ?

ಕಾಫಿನಾಡು ಇಂಟರ್ವೆನ್ಷನಲ್:
ಆಗುತ್ತದೆ ಸರ್, ಮಾಡಿಸಿಯೇ ಕಳಿಸಿ. ಎರಡೂ ಕಾಲಿನ ಡಾಪ್ಲರ್, ಕಾಮನ್ ಫೆಮೊರಲ್ ವ್ಯಾಸ ಮಿ.ಮೀ. ಲೆಕ್ಕದಲ್ಲಿ, ಮುಂಭಾಗದ ಗೋಡೆಯಲ್ಲಿ ಸುಣ್ಣ ಇದೆಯಾ ಎಂದು ಸ್ಪಷ್ಟವಾಗಿ ಬರೆಸಿ. ಸಿಟಿ ಬೇಡ. ಆಂಜಿಯೋಗ್ರಾಂ ಮಾಡುವಾಗಲೇ ಪಿಗ್‌ಟೇಲ್ ಕೆಳಗಿಳಿಸಿ 10–15 ಮಿ.ಲೀ. ದುರ್ಬಲಗೊಳಿಸಿದ ಡೈ ಬಿಟ್ಟು ಇಲಿಯಾಕ್ (ಫೆಮೊರಲ್‌ಗಿಂತ ಮೇಲಿನ ನಾಳ) ಚಿತ್ರ ತೆಗೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬೀಡಿ, ಸಕ್ಕರೆ ಎರಡೂ ಇರುವವರಲ್ಲಿ ಇಲಿಯಾಕ್ ಸೊಟ್ಟಗಾಗಿ ಸುಣ್ಣ ಕಟ್ಟಿರುವುದು ಸಾಮಾನ್ಯ. ಡೈ ಒಟ್ಟು ಪ್ರಮಾಣ ಇಜಿಎಫ್‌ಆರ್‌ನ (ಕಿಡ್ನಿ ಸೋಸುವ ವೇಗದ ಅಂದಾಜು) ಮೂರು ಪಟ್ಟು ಮೀರಬಾರದು, ಎರಡು ಪಟ್ಟಿನೊಳಗೆ ಮುಗಿದರೆ ಉತ್ತಮ.

ಚುಚ್ಚುವಾಗ ಅಲ್ಟ್ರಾಸೌಂಡ್ ಮತ್ತು ಮೈಕ್ರೊಪಂಕ್ಚರ್ ಸೂಜಿ. ಫೆಮೊರಲ್ ಹೆಡ್ ಎದುರು, ಕವಲಿಗಿಂತ ಮೇಲೆ, ಇಂಗ್ವೈನಲ್ ಲಿಗಮೆಂಟ್‌ಗಿಂತ ಕೆಳಗೆ. ಮೇಲಾದರೆ ಹೊಟ್ಟೆಯ ಹಿಂಭಾಗಕ್ಕೆ ರಕ್ತ ಸೋರುತ್ತದೆ, ಹೊರಗೆ ಊತ ಕಾಣುವುದಿಲ್ಲ. ಪೇಷೆಂಟ್ ಸೊಂಟ ನೋವು ಎನ್ನುತ್ತಾರೆ, ನಾಡಿ ಏರುತ್ತದೆ, ಬಿಪಿ ಇಳಿಯುತ್ತದೆ. ಆಗ ಹೃದಯ ಸೋತಿತು ಎಂದುಕೊಂಡು ಪಂಪ್ ಸ್ಪೀಡ್ ಏರಿಸಿದರೆ ಸಕ್ಷನ್ ಬರುತ್ತದೆ, ಸಮಯವೂ ಹೋಗುತ್ತದೆ.

ಇನ್ನೊಂದು ನಮ್ಮ ಜಿಲ್ಲೆಗಳಿಗೆ ಮುಖ್ಯ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕಿನಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುತ್ತಾರೆ, ಜೀವ ಉಳಿಸುತ್ತದೆ. ಆದರೆ ಆ ಇಂಜೆಕ್ಷನ್ ಆದ ಮೊದಲ ದಿನ 14 ಫ್ರೆಂಚ್ ಶೀತ್ ಹಾಕಿದರೆ ತೊಡೆಸಂದಿನ ರಕ್ತಸ್ರಾವದ ಅಪಾಯ ಬಹಳ. ಕೊಟ್ಟ ಸಮಯ, ಡೋಸ್ ಎರಡನ್ನೂ ರೆಫರಲ್ ಚೀಟಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಪರ್ಫ್ಯೂಷನಿಸ್ಟ್, ಮೈಸೂರು:
ಎಕ್ಮೋ ಬಗ್ಗೆ ಚಿಕ್ಕದಾಗಿ. ರಕ್ತವನ್ನು ಹೊರಗೆ ತೆಗೆದು ಆಕ್ಸಿಜನ್ ಸೇರಿಸಿ ವಾಪಸ್ ತಳ್ಳುವ ಯಂತ್ರ ಇದು, ಅಭಿಧಮನಿಯಿಂದ ಎಳೆದು ಅಪಧಮನಿಗೆ ಬಿಟ್ಟರೆ ವಿಎ. ವಿಎ ಎಕ್ಮೋ ಪ್ಲಾನ್ ಮಾಡಿದ ಆಂಜಿಯೋಪ್ಲಾಸ್ಟಿಗೆ ಮೊದಲ ಆಯ್ಕೆ ಅಲ್ಲ. ಎರಡೂ ಕುಹರ ಸೋತಿದ್ದರೆ, ಆಕ್ಸಿಜನ್ ನಿಲ್ಲದಿದ್ದರೆ, ಇಂಪೆಲ್ಲಾ ಹಾಕಲಾಗದ ಕಾರಣ ಇದ್ದರೆ ಮಾತ್ರ. ಅಭಿಧಮನಿಗೆ 21–25, ಅಪಧಮನಿಗೆ 15–17 ಫ್ರೆಂಚ್, ಕಾಲಿಗೆ ರಕ್ತ ಹೋಗಲು ಕೆಳಮುಖವಾಗಿ 6–8 ಫ್ರೆಂಚ್ ಇನ್ನೊಂದು ಕ್ಯಾನುಲ. ರಕ್ತವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುವುದರಿಂದ ಎಡ ಕುಹರಕ್ಕೆ ಭಾರ ಹೆಚ್ಚುತ್ತದೆ. ಅಯೋರ್ಟಿಕ್ ವಾಲ್ವ್ ತೆರೆಯುವುದು ನಿಂತರೆ ಒಳಗೆ ರಕ್ತ ನಿಂತು ಹೆಪ್ಪಾಗುತ್ತದೆ, ಶ್ವಾಸಕೋಶ ನೀರು ತುಂಬುತ್ತದೆ. ಆಗ ಬಲೂನ್ ಪಂಪ್ ಅಥವಾ ಇಂಪೆಲ್ಲಾ ಸೇರಿಸಿ ಕುಹರ ಖಾಲಿ ಮಾಡಬೇಕು. ಆರ್ಟೀರಿಯಲ್ ಲೈನ್ ಬಲಗೈಯಲ್ಲೇ ಇರಲಿ. ಹೃದಯ ಚೇತರಿಸಿ ಶ್ವಾಸಕೋಶ ಕೆಟ್ಟಿದ್ದರೆ ಮಿದುಳಿಗೆ ಹೋಗುವ ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದದ್ದು ಮೊದಲು ಗೊತ್ತಾಗುವುದು ಅಲ್ಲಿಯೇ. 2023ರ ಇಸಿಎಲ್ಎಸ್-ಶಾಕ್‌ನಲ್ಲಿ ಎಲ್ಲರಿಗೂ ಎಕ್ಮೋ ಹಾಕಿದ್ದರಿಂದ ಸಾವು ಇಳಿಯಲಿಲ್ಲ, ಎಕ್ಮೋ ಗುಂಪಿನಲ್ಲಿ ಶೇ. 47.8, ಇನ್ನೊಂದರಲ್ಲಿ 49.

ಬಲ ಕುಹರ ಸೋತಿದೆಯಾ ಎಂದು ತಿಳಿಯಲು ಪಲ್ಮನರಿ ಕ್ಯಾಥೆಟರ್ ಲೆಕ್ಕ: ಪಲ್ಮನರಿ ಸಿಸ್ಟೊಲಿಕ್ 36, ಡಯಾಸ್ಟೊಲಿಕ್ 24, ಬಲ ಹೃತ್ಕರ್ಣ 16 ಇದ್ದರೆ 36ರಲ್ಲಿ 24 ಕಳೆದು ಉಳಿದ 12 ಭಾಗಿಸು 16, ಅಂದರೆ 0.75. 0.9ರ ಕೆಳಗೆ ಬಂದರೆ ಎಡಕ್ಕೆ ಮಾತ್ರ ಪಂಪ್ ಹಾಕಿ ಪ್ರಯೋಜನ ಇಲ್ಲ. ಇನ್ನೊಂದು ಹೃದಯದ ಶಕ್ತಿಯ ಲೆಕ್ಕ, ಸರಾಸರಿ ಬಿಪಿ ಗುಣಿಸು ಔಟ್‌ಪುಟ್ ಭಾಗಿಸು 451. 60 ಮತ್ತು 3.5 ಹಾಕಿದರೆ 0.47 ವ್ಯಾಟ್. 0.6ರ ಕೆಳಗೆ ಎಂದರೆ ಶಾಕ್.

ಆಂಬ್ಯುಲೆನ್ಸ್ ಅನಸ್ತೇಶಿಯಾ, ಅರಸೀಕೆರೆ:
ಪಂಪ್ ಹಾಕಿದ ಪೇಷೆಂಟ್‌ನ ಸಾಗಾಟದ ಬಗ್ಗೆ ಯಾರೂ ಬರೆದಿಲ್ಲ. ಹಾಸನದಿಂದ ಬೆಂಗಳೂರು 180 ಕಿ.ಮೀ. ಮೇಲೆ, ನೆಲಮಂಗಲದ ಟ್ರಾಫಿಕ್ ಸೇರಿ ಮೂರೂವರೆ ಗಂಟೆ ಹಿಡಿಯಿರಿ. ಮೈಸೂರು ಸುಮಾರು 120 ಕಿ.ಮೀ. ಕಂಪನಿ ಹೇಳುವ ಬ್ಯಾಟರಿ ಅವಧಿ ಹೊಸ ಬ್ಯಾಟರಿಯದ್ದು. ಹಳೆಯದು ಚನ್ನರಾಯಪಟ್ಟಣ ದಾಟುವ ಹೊತ್ತಿಗೇ ಕೈಕೊಡಬಹುದು. ಆಂಬ್ಯುಲೆನ್ಸ್ ಇನ್ವರ್ಟರ್ ಆ ಕನ್ಸೋಲ್‌ನ ಲೋಡ್ ಎಳೆಯುತ್ತದೆಯಾ ಎಂದು ಹೊರಡುವ ಮೊದಲು 15 ನಿಮಿಷ ಚಾಲೂ ಇಟ್ಟು ನೋಡಿ. ಹೀಲಿಯಂ ಸಿಲಿಂಡರ್ ಗೇಜ್, ಬದಲಿ ಸಿಲಿಂಡರ್ ಮತ್ತು ಅದರ ವಾಷರ್, 60 ಮಿ.ಲೀ. ಸಿರಿಂಜ್, ಹೆಚ್ಚುವರಿ ಇಸಿಜಿ ಕೇಬಲ್ ಇರಲಿ. ಕನ್ಸೋಲ್‌ಗೆ ಬೆಲ್ಟ್ ಕಟ್ಟಿ. ರೋಡ್ ಹಂಪ್‌ನಲ್ಲಿ ಇಸಿಜಿ ಕುಣಿದು ಟ್ರಿಗರ್ (ಪಂಪ್‌ಗೆ ಬಡಿತದ ಸಂಕೇತ) ತಪ್ಪಿದರೆ ಪ್ರೆಷರ್ ಟ್ರಿಗರ್‌ಗೆ ಬದಲಿಸಿ.

ಚಿಕ್ಕಮಗಳೂರಿನವರು ಮಂಗಳೂರು ಕಡೆ ಇಳಿಯುವುದಾದರೆ ಇನ್ನೊಂದು. ಊರು ಸಾವಿರ ಮೀಟರಿಗೂ ಎತ್ತರದಲ್ಲಿದೆ, ಚಾರ್ಮಾಡಿ ಇಳಿಯುತ್ತಾ ಹೊರಗಿನ ಗಾಳಿಯ ಒತ್ತಡ ಹೆಚ್ಚುತ್ತದೆ, ಮುಚ್ಚಿದ ಟ್ಯೂಬ್‌ನಲ್ಲಿರುವ ಹೀಲಿಯಂ ಕುಗ್ಗುತ್ತದೆ, ಬಲೂನ್ ಪೂರ್ತಿ ಉಬ್ಬುವುದಿಲ್ಲ. ಕೊಟ್ಟಿಗೆಹಾರದ ನಂತರ ಆಗ್ಮೆಂಟೇಷನ್ (ಪಂಪ್ ಕೊಡುವ ಡಯಾಸ್ಟೊಲಿಕ್ ಏರಿಕೆ) ಇಳಿದಂತೆ ಕಂಡರೆ ಮೊದಲು ಆಟೊಫಿಲ್ (ಹೀಲಿಯಂ ಮರುತುಂಬುವ ಗುಂಡಿ) ಒತ್ತಿ, ಔಷಧಿ ಆಮೇಲೆ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಎರಡೂ ಗುಡ್ಡ ಕುಸಿದು ಮುಚ್ಚುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಇಳಿಸುವ ಯೋಚನೆಯನ್ನು ರಸ್ತೆ ವಿಚಾರಿಸದೆ ಮಾಡಬೇಡಿ.

ಕಾಫಿನಾಡು ಇಂಟರ್ವೆನ್ಷನಲ್:
ಪಂಪ್ ತೆಗೆಯುವ ವಿಷಯ: ಆಂಜಿಯೋಪ್ಲಾಸ್ಟಿ ಚೆನ್ನಾಗಿ ಆಗಿ ಬಿಪಿ ನಿಂತಿದ್ದರೆ ಟೇಬಲ್ ಮೇಲೆಯೇ ತೆಗೆಯುವುದು ಒಳ್ಳೆಯದು. "ರಾತ್ರಿ ಇರಲಿ, ಬೆಳಿಗ್ಗೆ ನೋಡೋಣ" ಎಂದಷ್ಟೂ ಕಾಲಿಗೂ ರಕ್ತಕ್ಕೂ ಅಪಾಯ ಹೆಚ್ಚು. ಬಲೂನ್ ಪಂಪ್ 1:1ರಿಂದ 1:2, ನಂತರ 1:3. ಪ್ರತಿ ಹಂತದಲ್ಲಿ ಬಿಪಿ, ಮೂತ್ರ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಿದ್ದರೆ ಏರುವುದು). 1:3ರಲ್ಲಿ ಗಂಟೆಗಟ್ಟಲೆ ಬಿಡಬೇಡಿ. ಇಂಪೆಲ್ಲಾ ಹಂತಹಂತವಾಗಿ ಪಿ-2ಕ್ಕೆ ಇಳಿಸಿ, ಅಯೋರ್ಟಕ್ಕೆ ಎಳೆದು, ಆಮೇಲೆ ಪಿ-0. ವಾಲ್ವ್ ಅಡ್ಡಲಾಗಿ ಇರುವಾಗ ಪಿ-0 ಮಾಡಿದರೆ ರಕ್ತ ಪಂಪ್ ಮೂಲಕ ಹಿಂದಕ್ಕೆ ಸೋರುತ್ತದೆ.

ಹೇಮಾವತಿ ತೀರ (ಕಾರ್ಡಿಯಾಲಜಿ):
ಟೇಬಲ್ ಮೇಲೆ ತೆಗೆಯುವುದಕ್ಕೆ ನನ್ನ ಒಪ್ಪಿಗೆ ಅರ್ಧ. ಎಲ್‌ವಿಇಡಿಪಿ ಮತ್ತೆ ಅಳೆದು, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಇಲ್ಲದೆ ಹತ್ತು ಹದಿನೈದು ನಿಮಿಷ ನಿಂತರೆ ತೆಗೆಯಿರಿ. ಔಷಧಿ ಏರಿಸಿಕೊಂಡು ತೆಗೆದ ಪಂಪ್ ಬಹಳ ಸಲ ನಡುರಾತ್ರಿ ಮತ್ತೆ ಬೇಕಾಗುತ್ತದೆ.

ಮೂಡಿಗೆರೆ ಫಿಜಿಶಿಯನ್:
ಕೊನೆಯದಾಗಿ ಒಂದು. ಕಳಿಸುವಾಗ ಹೆಪ್ಪು ತಡೆಯುವ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಲೋಡ್ (ಮೊದಲ ದೊಡ್ಡ ಡೋಸ್) ಕೊಟ್ಟೇ ಕಳಿಸಬೇಕಾ?

ಹೇಮಾವತಿ ತೀರ (ಕಾರ್ಡಿಯಾಲಜಿ):
ಸ್ಥಿರವಾಗಿರುವ ಲೆಫ್ಟ್ ಮೇನ್ ಪೇಷೆಂಟ್‌ಗೆ ಬೇಡ ಸರ್. ಆಸ್ಪಿರಿನ್ ಮುಂದುವರಿಸಿ, ಅಷ್ಟೇ. ಅಲ್ಲಿ ಹಾರ್ಟ್ ಟೀಮ್ ಮತ್ತೆ ಕೂತು ಇನ್ನೊಬ್ಬ ಸರ್ಜನ್ ಬೈಪಾಸ್‌ಗೆ ಒಪ್ಪಬಹುದು. ಆಗ ಕ್ಲೊಪಿಡೊಗ್ರೆಲ್‌ಗೆ 5 ದಿನ, ಟಿಕಾಗ್ರೆಲರ್‌ಗೆ ಕನಿಷ್ಠ 3 ದಿನ, ಪ್ರಾಸುಗ್ರೆಲ್‌ಗೆ 7 ದಿನ ಕಾಯಬೇಕಾಗುತ್ತದೆ. ಲೋಡ್ ಲ್ಯಾಬ್‌ನಲ್ಲೇ ಕೊಡಬಹುದು. ಆಂಜಿಯೋ ಸಿಡಿ, ಎಕೋ ಸಿಡಿ, ಎರಡೂ ಕಾಲಿನ ಡಾಪ್ಲರ್, ಹಿಂದಿನ ಕ್ರಿಯಾಟಿನಿನ್‌ಗಳು, ಹಿಮೋಗ್ಲೋಬಿನ್, ಎತ್ತರ ಇಷ್ಟನ್ನು ಕಳಿಸಿ. ಎತ್ತರ ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ, ದಯವಿಟ್ಟು ಅಳೆದೇ ಬರೆಯಿರಿ.